ಮಕ್ಕಳ ದುಡ್ಡು ಯಾವ ಕಿಟಕಿಯಲ್ಲಿದೆ?

(ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತು. ಮಲರ್‌ಗೆ ಬೇಕು ಅಂತ ಕೇಳಿದ್ದರಿಂದ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)



 ನನಗೆ ಕೊಟ್ಟ ವಿಷಯ "ಹೆಣ್ಣುಮಕ್ಕಳ ಶಿಕ್ಷಣ". ಅದರ ಮೇಲೆ ಹೋದ ವರ್ಷವೂ ಮಾತಾಡಿದ್ದಾರೆ, ಅದರ ಹಿಂದಿನ ವರ್ಷವೂ ಮಾತಾಡಿದ್ದಾರೆ, ನೀವೂ ಚಪ್ಪಾಳೆ ತಟ್ಟಿದ್ದೀರಿ. ಈ ಸಲ ದುಡ್ಡಿನ ಬಗ್ಗೆ ಮಾತಾಡ್ತೀನಿ ಅಂತ ಕಾರ್ಯದರ್ಶಿ ಅಣ್ಣನ ಹತ್ತಿರ ಕೇಳಿಕೊಂಡೆ. ಹದಿನೈದೇ ನಿಮಿಷ ಅಂದಿದ್ದಾರೆ.

ಇನ್ನೊಂದು ಮಾತು. ನನ್ನ ಕನ್ನಡ ಮನೆ ಕನ್ನಡ. ನಿಮ್ಮ ಹಾಗೇ ನಾನೂ ಓದಿದ್ದು ತಮಿಳಲ್ಲಿ. ಕನ್ನಡ ಅಕ್ಷರ ಕಲಿತದ್ದು ರಜೆಯಲ್ಲಿ, ತಾಳವಾಡಿ ಕಡೆಯ ಅಜ್ಜಿ ಮನೆಯಲ್ಲಿ. ಅದಕ್ಕೇ ಅರ್ಜಿಗಳ ಹೆಸರನ್ನ ತಮಿಳಲ್ಲೇ ಹೇಳ್ತೀನಿ. ಕಿಟಕಿ ಹತ್ತಿರ ನಿಂತಾಗ ನಿಮ್ಮ ಬಾಯಿಂದ ಬರಬೇಕಾದ್ದು ಆ ಹೆಸರೇ.

ನಾವು ತೆರಿಗೆ ಕಟ್ತೀವಾ? ನಮ್ಮ ಓಣಿಯಲ್ಲಿ ಕೇಳಿದ್ರೆ "ನಮಗ್ಯಾವ ತೆರಿಗೆ ಕಣಮ್ಮ" ಅಂತಾರೆ. ಸೋಪು, ಟೂತ್‌ಪೇಸ್ಟು, ಚಪ್ಪಲಿ, ಮೊಬೈಲ್ ರೀಚಾರ್ಜು, ಒಂದಲ್ಲ ಒಂದರಲ್ಲಿ ದಿನಾ ಜಿಎಸ್‌ಟಿ ಕಟ್ತಾನೇ ಇದ್ದೀವಿ. ನಾವು ಕಟ್ಟದೆ ಇರೋದು ಆದಾಯ ತೆರಿಗೆ ಮಾತ್ರ. ಆ ಆದಾಯ ತೆರಿಗೆಯಲ್ಲೇ ಮಕ್ಕಳ ಹೆಸರಿನ ಒಂದು ರಿಯಾಯಿತಿ ಇದೆ. ಎರಡು ಮಕ್ಕಳ ಸ್ಕೂಲ್, ಕಾಲೇಜು ಟ್ಯೂಷನ್ ಫೀಸನ್ನ, ಬೇರೆ ಉಳಿತಾಯಗಳ ಜೊತೆ ಸೇರಿಸಿ 1,50,000 ರೂಪಾಯಿವರೆಗೆ, ಆದಾಯದಿಂದ ಕಳೆದು ತೋರಿಸಬಹುದು. ಹಳೇ ಪದ್ಧತಿಯಲ್ಲಿ 30 ಪರ್ಸೆಂಟ್ ತೆರಿಗೆ ಕಟ್ಟೋ ಅಧಿಕಾರಿಗೆ ಇದರಿಂದ, ಸೆಸ್ ಸೇರಿಸಿ, ವರ್ಷಕ್ಕೆ 46,800 ರೂಪಾಯಿ ಉಳಿಯುತ್ತೆ. ಅವರ ಮಕ್ಕಳು ಓದ್ತಾರೆ, ಸರ್ಕಾರ ಆ ಭಾರದಲ್ಲಿ ಒಂದು ಪಾಲು ಹೊರುತ್ತೆ. ಅದನ್ನ ಯಾರೂ ಇಲವಸಂ ಅನ್ನಲ್ಲ. "ಟ್ಯಾಕ್ಸ್ ಸೇವಿಂಗ್" ಅಂತಾರೆ. ನನ್ನ ತಮ್ಮನಿಗೆ ಬರೋ 3,500ಕ್ಕೆ ಮಾತ್ರ ಇಲವಸಂ ಅನ್ನೋ ಹೆಸರು.

ಅಮೆರಿಕದಲ್ಲಿ 2021ರಲ್ಲಿ ಆರು ವರ್ಷದೊಳಗಿನ ಒಂದೊಂದು ಮಗುವಿಗೆ 3,600 ಡಾಲರ್‌ವರೆಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಕೊಟ್ಟರು. ಆದಾಯ ತೆರಿಗೆ ಕಟ್ಟೋಷ್ಟು ಸಂಪಾದನೆ ಇಲ್ಲದ ಅಪ್ಪ ಅಮ್ಮನಿಗೂ ಅದು ಬಂತು, ಅರ್ಧ ಭಾಗ ತಿಂಗಳು ತಿಂಗಳು ಬ್ಯಾಂಕಿಗೇ ಬಂತು. ನಮ್ಮ ದೇಶದಲ್ಲಿ ಅಂಥದ್ದಿಲ್ಲ. ಇಲ್ಲಿ ಬಡವರ ಮಕ್ಕಳ ದುಡ್ಡು ತೆರಿಗೆ ಆಫೀಸಿನಿಂದ ಬರಲ್ಲ, ಏಳೆಂಟು ಕಿಟಕಿಗಳಲ್ಲಿ ಹಂಚಿಹೋಗಿದೆ. ಒಂದು ಕಿಟಕಿಗೆ ಇನ್ನೊಂದು ಕಿಟಕಿ ಗೊತ್ತಿಲ್ಲ. ನಾವೇ ಹೋಗಿ ಕೇಳಬೇಕು.

ಕೇಳೋಕೆ ನಾಚಿಕೆ ಅನ್ನೋರಿಗೆ ಒಂದು ವಿಷಯ ಹೇಳ್ತೀನಿ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡ ಮಹಾರಾಜರ ಸ್ಕಾಲರ್‌ಶಿಪ್‌ನಲ್ಲಿ. ಆಮೇಲೆ 1942ರಲ್ಲಿ, ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕೂತಿದ್ದಾಗ, ಲಿನ್‌ಲಿತ್‌ಗೋ ಮುಂದೆ ನಮ್ಮ ಜನರ ಕಷ್ಟಗಳ ಮನವಿ ಇಟ್ಟು, ಓದಿಗೆ ದುಡ್ಡು ಕೊಡಿ ಅಂತ ವಾದ ಮಾಡಿದರು. ವರ್ಷಕ್ಕೆ 3 ಲಕ್ಷ ರೂಪಾಯಿ ಒಪ್ಪಿಸಿಕೊಂಡರು. ಇವತ್ತು ನಾವು ಪೋಸ್ಟ್ ಮೆಟ್ರಿಕ್ ಅಂತ ಅರ್ಜಿ ಹಾಕೋ ಸ್ಕಾಲರ್‌ಶಿಪ್ 1944ರಲ್ಲಿ ಶುರುವಾದದ್ದು ಹಾಗೆ. ಅವರು ಕೇಳಿ ತಗೊಂಡದ್ದನ್ನ ನಾವು ಕೇಳೋಕೆ ನಾಚಿಕೊಳ್ತೀವಿ.

ನಾನೂ ನಾಚಿಕೊಂಡಿದ್ದೀನಿ. ಅದನ್ನೇ ಹೇಳಬೇಕು ಅಂತ ಬಂದೆ.

ಆರನೇ ಕ್ಲಾಸು. ಒಂದು ದಿನ ಟೀಚರ್ ಕೈಯಲ್ಲಿ ಪೇಪರ್ ಹಿಡ್ಕೊಂಡು ಬಂದು, "ಕ್ಲೀನಿಂಗ್ ಕೆಲಸ ಮಾಡೋರ ಮಕ್ಕಳು ಯಾರ್ಯಾರು, ಎದ್ದು ನಿಲ್ಲಿ" ಅಂದರು. ಕೆಟ್ಟ ಮನಸ್ಸಿಂದ ಕೇಳಲಿಲ್ಲ, ಪಟ್ಟಿ ಕಳಿಸಬೇಕಿತ್ತು ಅಷ್ಟೇ. ನಮ್ಮಪ್ಪ ಗುತ್ತಿಗೆ ಕೆಲಸ ಮಾಡೋರು, ಚರಂಡಿ, ಒಳಚರಂಡಿ ಕ್ಲೀನ್ ಮಾಡೋ ಗ್ಯಾಂಗಿನಲ್ಲಿ. ನಾನು ಏಳಲಿಲ್ಲ. ಡೆಸ್ಕಿನ ಮೇಲೆ ಏನೋ ಬರೀತಾ ಇದ್ದ ಹಾಗೆ ಕೂತೆ. ಪಕ್ಕದ ಓಣಿಯ ಹುಡುಗ ಒಬ್ಬ ಎದ್ದು ನಿಂತ. ಅವನ ಹೆಸರು ಬರ್ಕೊಂಡರು. ಆ ವರ್ಷವೆಲ್ಲ ಕ್ಲಾಸಲ್ಲಿ ಅವನಿಗೊಂದು ಅಡ್ಡಹೆಸರು ಇತ್ತು. ನಾನು ಬಚಾವಾದೆ ಅಂದ್ಕೊಂಡೆ.

ಆ ಪೇಪರ್ ಏನು ಅಂತ ಗೊತ್ತಾದದ್ದು ಬಿ.ಎ.ಗೆ ಸೇರಿದ ಮೇಲೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸ ಮಾಡೋರು, ಕಸ ಆಯೋರು, ತೊಗಲು ಸುಲಿಯೋರು, ಹದ ಮಾಡೋರು, ಇಂಥವರ ಮಕ್ಕಳಿಗೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಇರೋ ಪ್ರಿ ಮೆಟ್ರಿಕ್ ಸ್ಕಾಲರ್‌ಶಿಪ್. ಈಗಿನ ದರದಲ್ಲಿ ಮನೆಯಿಂದ ಹೋಗಿ ಓದೋ ಮಗುವಿಗೆ ವರ್ಷಕ್ಕೆ 3,500, ಹಾಸ್ಟೆಲ್ಲಲ್ಲಿದ್ದರೆ 8,000. ಇದಕ್ಕೆ ಆದಾಯದ ಮಿತಿ ಇಲ್ಲ. ಯಾವ ಜಾತಿ ಅಂತಲೂ ಕೇಳಲ್ಲ, ಕೆಲಸವನ್ನೇ ಕೇಳ್ತಾರೆ. ಆರರಿಂದ ಹತ್ತರವರೆಗೆ ಐದು ವರ್ಷ ನಾನು ಕೂತೇ ಇದ್ದೆ.

ಈಗ ನನ್ನ ತಮ್ಮ ಎಂಟನೇ ಕ್ಲಾಸು. ಈ ವರ್ಷ ಅವನಿಗೆ ಅರ್ಜಿ ಹಾಕೋಣ ಅಂತ ಅಪ್ಪನಿಗೆ ಹೇಳಿದೆ. ಇದಕ್ಕೆ ಕೆಲಸದ ಸರ್ಟಿಫಿಕೇಟು ಬೇಕು, ಸ್ಥಳೀಯ ಸಂಸ್ಥೆಯ ಅಧಿಕಾರಿ ಸೈನ್ ಮಾಡಬೇಕು. ಅಪ್ಪ ಊಟ ನಿಲ್ಲಿಸಿಬಿಟ್ಟರು. "ನಾನು ಮಾಡೋ ಕೆಲಸ ನನ್ನ ಮಗನ ಪೇಪರಲ್ಲಿ ಬರೋದು ಬೇಡ" ಅಂದರು. ಅವ್ವ ಏನೂ ಮಾತಾಡಲಿಲ್ಲ. ನಾನೂ ಸುಮ್ಮನಾದೆ. ಆರನೇ ಕ್ಲಾಸಲ್ಲಿ ಏಳದೆ ಕೂತವಳು ಅಪ್ಪನಿಗೆ ಏನು ಬುದ್ಧಿ ಹೇಳೋದು?

ಎರಡು ವಾರ ಬಿಟ್ಟು ಇನ್ನೊಂದು ತರ ಹೇಳಿದೆ. ಅಪ್ಪ, ನಿಮ್ಮ ಹತ್ತಿರ ಆ ಕೆಲಸ ಮಾಡ್ತೀರಿ ಅನ್ನೋಕೆ ಒಂದು ಚೀಟಿನಾದ್ರೂ ಇದೆಯಾ? ಐಡಿ ಕಾರ್ಡಿಲ್ಲ, ಸಂಬಳದ ಸ್ಲಿಪ್ಪಿಲ್ಲ. ಗುತ್ತಿಗೆದಾರ ಕೈಗೆ ದುಡ್ಡು ಕೊಡ್ತಾನೆ. 2023ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ಪರಿಹಾರ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು, ಮಕ್ಕಳ ಓದಿಗೆ ಸ್ಕಾಲರ್‌ಶಿಪ್ ಕೊಡಿ ಅಂತಲೂ ಹೇಳಿತು. ನಾಳೆ ಏನಾದ್ರೂ ಆದ್ರೆ, "ಈ ಮನುಷ್ಯ ನಮ್ಮ ಕೆಲಸದವನೇ ಅಲ್ಲ" ಅಂತ ಗುತ್ತಿಗೆದಾರ ಅಂದ್ರೆ, ನಾವು ಏನು ತೋರಿಸೋದು? ಈ ಸರ್ಟಿಫಿಕೇಟು ಬರೀ ತಮ್ಮನ 3,500ಕ್ಕಲ್ಲ ಅಪ್ಪ, ನೀವು ಅಲ್ಲಿ ಇಳಿದಿದ್ದೀರಿ ಅನ್ನೋಕೆ ಇರೋ ಒಂದೇ ಪೇಪರು.

ಇಂಥ ಮಾತನ್ನ ಮಗಳು ಅಪ್ಪನಿಗೆ ಹೇಳಬಾರದು, ಗೊತ್ತು. ಹೇಳಿದೆ.

ಗುತ್ತಿಗೆದಾರ ಬರೆದುಕೊಡಲ್ಲ ಅಂದ. ಅಪ್ಪ ಎರಡು ದಿನದ ಕೂಲಿ ಬಿಟ್ಟು ಆಫೀಸಿಗೆ ನಡೆದರು, ಮೂರನೇ ದಿನ ನಾನೂ ಹೋದೆ. ಸೈನ್ ಆಯಿತು, ಸೀಲೂ ಬಿತ್ತು. ಸ್ಕೂಲಲ್ಲಿ ಹೆಡ್‌ಮಾಸ್ಟರ್ ಹತ್ತಿರ ಒಂದೇ ಕೇಳಿಕೊಂಡೆ: ಸಾರ್, ಹೆಸರನ್ನ ಕ್ಲಾಸಲ್ಲಿ ಕೂಗಬೇಡಿ, ಅಪ್ಪ ಅಮ್ಮನ್ನ ಕರೆಸಿ ಕೇಳಿ. ಅವರು ಒಪ್ಪಿದರು. ಈ ಮನವಿಯನ್ನ ಸಂಘದ ಲೆಟರ್‌ಹೆಡ್ಡಿನಲ್ಲಿ ನಮ್ಮ ಸುತ್ತಲಿನ ಎಲ್ಲ ಸ್ಕೂಲಿಗೂ ಕೊಡಬೇಕು ಅಂತ ಇವತ್ತು ಈ ಮೈಕಿನಲ್ಲೇ ಕೇಳ್ತಾ ಇದ್ದೀನಿ.

ಒಂದು ಎಚ್ಚರ. ಒಂಬತ್ತು, ಹತ್ತನೇ ಕ್ಲಾಸಿನ ಎಸ್‌ಸಿ ಮಕ್ಕಳಿಗೆ ಬೇರೆ ಒಂದು ಪ್ರಿ ಮೆಟ್ರಿಕ್ ಇದೆ, ಅದಕ್ಕೆ ಅಪ್ಪ ಅಮ್ಮನ ವರ್ಷದ ಆದಾಯ 2,50,000 ಮೀರಬಾರದು. ಎರಡನ್ನೂ ಒಟ್ಟಿಗೆ ತಗೊಳ್ಳೋಕಾಗಲ್ಲ, ಒಂದನ್ನೇ ಆರಿಸಿಕೊಳ್ಳಬೇಕು.

ಇನ್ನು ಕಾಲೇಜಿನ ದುಡ್ಡು. ಪೋಸ್ಟ್ ಮೆಟ್ರಿಕ್‌ನಲ್ಲಿ ಕಾಲೇಜು ಫೀಸು ಬೇರೆ, ಕೈಗೆ ಬರೋ ಭತ್ಯೆ ಬೇರೆ. ಮನೆಯಿಂದ ಹೋಗೋ ಬಿ.ಎ. ವಿದ್ಯಾರ್ಥಿಗೆ ವರ್ಷಕ್ಕೆ 3,000, ಹನ್ನೊಂದು, ಹನ್ನೆರಡಕ್ಕೆ 2,500. ಮಿತಿ ಇಲ್ಲೂ 2,50,000. ಇದರ ಬಗ್ಗೆ ನನಗೆ ಕೋಪ ಇದೆ. ಗಂಡ ಬನಿಯನ್ ಕಂಪನಿಯಲ್ಲಿ 14,000, ಹೆಂಡ್ತಿ ಚೆಕ್ಕಿಂಗ್‌ನಲ್ಲಿ 10,000 ದುಡಿದ್ರೆ ವರ್ಷಕ್ಕೆ 2,88,000 ಆಯಿತು, ಮಗು ಹೊರಗೆ. ತಿರುಪ್ಪೂರಲ್ಲಿ ಮನೆ ಬಾಡಿಗೆ ಎಷ್ಟು ಅಂತ ಆ ಲೆಕ್ಕ ಕೇಳಲ್ಲ. ಕಮ್ಮಿ ಬರೆಸಿ ಅಂತ ನಾನು ಈ ವೇದಿಕೆಯಿಂದ ಹೇಳಲ್ಲ. ಮಿತಿ ಏರಿಸಿ ಅಂತ ಕೇಳೋದು ಸಂಘದ ಕೆಲಸ.

ಪುದುಮೈ ಪೆಣ್ ನಿಮಗೆಲ್ಲ ಗೊತ್ತು. 2022ರ ಸೆಪ್ಟೆಂಬರ್ 5ರಿಂದ, ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1,000. ಸರ್ಕಾರದ ನೆರವಿನ ಶಾಲೆಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರನ್ನ ಆಮೇಲೆ ಸೇರಿಸಿದರು. ಹುಡುಗರಿಗೆ ತಮಿಳ್ ಪುದಲ್ವನ್, ಅದು ಶುರುವಾದದ್ದು ನಮ್ಮ ಕೊಯಮತ್ತೂರಲ್ಲೇ, 2024ರ ಆಗಸ್ಟ್ 9ರಂದು. ಪುದುಮೈ ಪೆಣ್ಣಿನ ದುಡ್ಡು ಮೊದಲು ಮೂವಲೂರ್ ರಾಮಾಮಿರ್ದಂ ಅಮ್ಮೈಯಾರ್ ಹೆಸರಲ್ಲಿ ಮದುವೆಗೆ ಅಂತ ಕೊಡ್ತಿದ್ದದ್ದು. ತಾಳಿಗೆ ಚಿನ್ನ ಕೊಡ್ತಿದ್ದ ಯೋಜನೆ ಬಸ್ ಪಾಸಿಗೂ ಪುಸ್ತಕಕ್ಕೂ ಬಂತು. ನಮ್ಮಜ್ಜಿಗೆ ಮಾತ್ರ ಇನ್ನೂ ಚಿನ್ನ ನಿಂತುಹೋದದ್ದರ ಬೇಜಾರು ಹೋಗಿಲ್ಲ.

ಈ ದುಡ್ಡು ನನಗೆ ಏಳು ತಿಂಗಳು ಬರಲಿಲ್ಲ. ಕಾಲೇಜಿನ ಆಫೀಸಲ್ಲಿ ಕೇಳಿದ್ರೆ "ಕಳಿಸಿದ್ದಾರೆ" ಅಂದರು, ಬ್ಯಾಂಕಲ್ಲಿ ಕೇಳಿದ್ರೆ "ಬಂದಿಲ್ಲ" ಅಂದರು. ಇಬ್ಬರು ಹೇಳಿದ್ದೂ ನಿಜ. ಹನ್ನೆರಡನೇ ಕ್ಲಾಸಿನ ರಜೆಯಲ್ಲಿ ಎರಡು ತಿಂಗಳು ಒಂದು ಕಂಪನಿಯಲ್ಲಿ ಕೆಲಸ ಮಾಡಿದ್ದೆ, ಅವರು ಸಂಬಳಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಅಕೌಂಟ್ ತೆರೆಸಿದ್ದರು, ಆಧಾರ್ ಕಾಪಿ ಕೊಟ್ಟಿದ್ದೆ. ಸರ್ಕಾರದ ದುಡ್ಡು ನಾವು ಅರ್ಜಿಯಲ್ಲಿ ಬರೆದ ಅಕೌಂಟಿಗೆ ಹೋಗಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ ಅಲ್ಲಿಗೆ ಹೋಗುತ್ತೆ. ನಾನು ಮರೆತೇಹೋಗಿದ್ದ ಆ ಪಾಸ್‌ಬುಕ್ಕಲ್ಲಿ ಏಳು ಸಾವಿರ ಕೂತಿತ್ತು. ಅಕೌಂಟಿಗೆ ಆಧಾರ್ ಕೊಟ್ಟಿರೋದು ಬೇರೆ, ಸೀಡಿಂಗ್ ಬೇರೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಸೀಡಿಂಗ್ ಯಾವ ಬ್ಯಾಂಕಲ್ಲಿದೆ" ಅಂತ ಅದೇ ಮಾತಲ್ಲಿ ಕೇಳಿ. ಕಂಪನಿ ಬದಲಾಯಿಸಿದಾಗೆಲ್ಲ ಹೊಸ ಅಕೌಂಟ್ ತೆರೆಯೋ ನಮ್ಮ ಊರಲ್ಲಿ ಇದು ಮನೆಮನೆಯ ಕತೆ.

ನಮ್ಮ ಎದುರು ಮನೆ ಅಕ್ಕನಿಗೆ ಎರಡೂ ಹೆಣ್ಣು. ಆಪರೇಷನ್ ಮಾಡಿಸಿಕೊಂಡ ಮೇಲೆ ಮುದಲಮೈಚ್ಚರ್ ಪೆಣ್ ಕುಳಂದೈ ಪಾದುಕಾಪ್ಪು ತಿಟ್ಟದಲ್ಲಿ ಒಂದೊಂದು ಮಗುವಿನ ಹೆಸರಿಗೂ 25,000ದ ಬಾಂಡ್ ಬಂದಿತ್ತು. ಒಂದೇ ಹೆಣ್ಣು ಮಗು ಇದ್ದರೆ 50,000. ದೊಡ್ಡವಳಿಗೆ ಈಗ ಇಪ್ಪತ್ತೊಂದು. ಬಾಂಡ್ ಎಲ್ಲಿ ಅಕ್ಕ ಅಂದೆ. ಟ್ರಂಕಲ್ಲಿ, ಮದುವೆ ಸೀರೆ ಕೆಳಗೆ. ಹದಿನೆಂಟು ತುಂಬಿದ ಮೇಲೆ ಬಾಂಡು, ಹತ್ತನೇ ಕ್ಲಾಸಿನ ಮಾರ್ಕ್ ಶೀಟು, ಹುಡುಗಿಯ ಪಾಸ್‌ಬುಕ್ಕು ತಗೊಂಡು ಸಮೂಹ ನಲತ್ತುರೈ ಆಫೀಸಿಗೆ ಕೊಟ್ಟರೆ ಬಡ್ಡಿ ಸಮೇತ ಬರುತ್ತೆ. ತಾನಾಗೇ ಬರುತ್ತೆ ಅಂತ ಅಕ್ಕ ಮೂರು ವರ್ಷ ಕಾದಿದ್ದರು. ಮನೆಗೆ ಹೋದ ಮೇಲೆ ನಿಮ್ಮ ಟ್ರಂಕನ್ನೂ ತೆಗೆದು ನೋಡಿ. ಚಿಕ್ಕ ಹೆಣ್ಣುಮಕ್ಕಳಿದ್ದರೆ ಅರ್ಜಿ ಈಗಲೇ, ಮಗುವಿಗೆ ಮೂರು ವರ್ಷ ತುಂಬೋದರೊಳಗೆ.

ಕಂಪನಿಯಲ್ಲಿ ಸ್ಲಿಪ್ ಕೊಟ್ಟು ಸಂಬಳ ತಗೊಳ್ಳೋರಿಗೆ ಒಂದು ಮಾತು. ವರ್ಷಕ್ಕೊಂದು ಸಲ, ಡಿಸೆಂಬರಲ್ಲಿ, 20 ರೂಪಾಯಿ ಹಿಡಿದಿರ್ತಾರೆ, ಎಲ್‌ಡಬ್ಲ್ಯೂಎಫ್ ಅಂತ. ಟೀ ವಡೆ ದುಡ್ಡು, ಯಾರೂ ಕೇಳಲ್ಲ. ನಿಮ್ಮ 20ಕ್ಕೆ ಕಂಪನಿ 40 ಸೇರಿಸಿ, ಸರ್ಕಾರ 20 ಸೇರಿಸಿ, ಅದು ತೊಳಿಲಾಳರ್ ನಲ ವಾರಿಯಕ್ಕೆ ಹೋಗುತ್ತೆ. ಅಲ್ಲಿಂದ ಕಾರ್ಮಿಕರ ಮಕ್ಕಳ ಓದಿಗೆ ಸ್ಕಾಲರ್‌ಶಿಪ್ ಕೊಡ್ತಾರೆ. ಕಟ್ಟಿದ್ದು ನಾವು, ವಾಪಸ್ ಕೇಳೋದು ನಾವಲ್ಲ. ಸ್ಲಿಪ್ ಇಲ್ಲದೆ ಪೀಸ್ ರೇಟಿಗೆ ಹೊಲಿಯೋರು, ಕಟ್ಟಡ ಕೆಲಸದೋರು, ಕ್ಲೀನಿಂಗ್ ಕೆಲಸದೋರು, ನಿಮಗೆ ಬೇರೆ ಬೇರೆ ವಾರಿಯಂ ಇದೆ. ಕಾರ್ಡಿದೆ ಅಂತ ಸುಮ್ಮನಿರಬೇಡಿ, ಪುದುಪ್ಪಿಸಿದ್ದೀರಾ ನೋಡಿ. ಅವಧಿ ಮುಗಿದ ಕಾರ್ಡಿಗೆ ಮಗನ ಕಾಲೇಜು ದುಡ್ಡು ಬರಲ್ಲ.

ಇನ್ನೊಂದು, ಇದು ನಿಜವಾಗಿಯೂ ತೆರಿಗೆ ಆಫೀಸಿನದು. ನಮ್ಮ ಮಾವ ನಾಲ್ಕು ಮೆಷಿನ್ ಹಾಕಿಕೊಂಡು ಪವರ್ ಟೇಬಲ್ ನಡೆಸ್ತಾರೆ, ಜಾಬ್ ವರ್ಕು. ಬಿಲ್ಲು ಕೊಡುವಾಗ ಕಂಪನಿಯವರು ಟಿಡಿಎಸ್ ಅಂತ 1 ಪರ್ಸೆಂಟ್ ಹಿಡೀತಾರೆ. ಒಂದು ಬಿಲ್ 30,000 ದಾಟಿದ್ರೆ, ಇಲ್ಲ ವರ್ಷದ ಮೊತ್ತ 1,00,000 ದಾಟಿದ್ರೆ ಹಿಡೀಬೇಕು, ಅದು ಕಾನೂನು. ಪಾನ್ ಕೊಡದಿದ್ದರೆ 20 ಪರ್ಸೆಂಟ್. ವರ್ಷಕ್ಕೆ ಆರು ಲಕ್ಷ ಬಿಲ್ಲಾದರೆ 6,000 ಹೋಯಿತು. ಕೂಲಿ, ಕರೆಂಟು, ನೂಲು ಕಳೆದ ಮೇಲೆ ಮಾವನಿಗೆ ಉಳಿಯೋದು ತೆರಿಗೆ ಕಟ್ಟೋ ಮಟ್ಟಕ್ಕೆ ಬರಲ್ಲ. ಅಂದ್ರೆ ಆ 6,000 ಅವರದ್ದೇ. ಪಾನ್ ಹಾಕಿ 26ಎಎಸ್ ತೆಗೆದು ನೋಡಿದೆ, ಅವರ ಹೆಸರಿನ ಮುಂದೆ ಜಮಾ ಆಗಿತ್ತು. ರಿಟರ್ನ್ ಹಾಕಿದ್ವಿ, ವಾಪಸ್ ಬಂತು, ಮಗಳ ಪರೀಕ್ಷೆ ಫೀಸಿಗೆ ಆಯಿತು. ಹಿಂದಿನ ವರ್ಷಗಳದ್ದು ಹೋಗಿಯೇ ಹೋಯಿತು, ಗಡುವು ಮುಗಿದಿತ್ತು. ಒಬ್ಬ ಬ್ರೋಕರ್ ಇದೇ ಕೆಲಸಕ್ಕೆ ಅರ್ಧ ಕೇಳಿದ್ದನಂತೆ.

ಗಡುವು ಅಂದ ಮೇಲೆ ಸಾನ್ರಿದಳ್‌ಗಳ ಮಾತು ಹೇಳಲೇಬೇಕು. ವರುಮಾನ ಸಾನ್ರಿದಳ್ ಒಂದು ವರ್ಷಕ್ಕೆ ಮಾತ್ರ. ಜೂನಲ್ಲಿ ಎಲ್ಲರೂ ಇ-ಸೇವೈ ಮೈಯದಲ್ಲಿ ಕ್ಯೂ ನಿಲ್ತಾರೆ, ನೀವು ಏಪ್ರಿಲಲ್ಲೇ ಹೋಗಿ. ಜಾದಿ ಸಾನ್ರಿದಳಲ್ಲಿ ಏನು ಬರೆದಿದೆ ಅಂತ ಓದಿ ನೋಡಿ. ಅರುಂಧತಿಯರ್, ಚಕ್ಕಿಲಿಯನ್, ಮಾದಾರಿ, ಮಾದಿಗ, ಪಗಡೈ, ತೋಟಿ, ಆದಿ ಆಂಧ್ರ, ಈ ಏಳರಲ್ಲಿ ಒಂದಿದ್ದರೆ 2009ರ ಕಾಯ್ದೆಯ 3 ಪರ್ಸೆಂಟ್ ಒಳ ಮೀಸಲಾತಿ ಇದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳ ಮೀಸಲಾತಿ ಸರಿ ಅಂದಿದೆ. ಅಣ್ಣನದ್ದರಲ್ಲಿ ಒಂದು ಹೆಸರು, ತಂಗಿಯದ್ದರಲ್ಲಿ ಬೇರೆ ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ, ಅಡ್ಮಿಷನ್ ದಿನ ಆಗಲ್ಲ. ಆಧಾರಲ್ಲಿ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಅದನ್ನೂ ನೋಡಿ. ನಗಬೇಡಿ, ಒಂದು ಅಕ್ಷರಕ್ಕೆ ಅರ್ಜಿ ವಾಪಸ್ ಬಂದದ್ದನ್ನ ನಾನೇ ನೋಡಿದ್ದೀನಿ.

ಬಸುರಿ ಹೆಂಗಸರಿಗೆ ಒಂದೇ ಮಾತು: ಹನ್ನೆರಡು ವಾರದೊಳಗೆ ನರ್ಸಮ್ಮನ ಹತ್ತಿರ ಹೆಸರು ಬರೆಸಿ ನಂಬರ್ ತಗೊಳ್ಳಿ. ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯ 18,000 (14,000 ದುಡ್ಡು, ಉಳಿದದ್ದು ಪೌಷ್ಟಿಕ ಪೆಟ್ಟಿಗೆ) ಆ ನಂಬರ್ ಇಲ್ಲದೆ ಅಲುಗಲ್ಲ.

ನನ್ನ ಹದಿನೈದು ನಿಮಿಷ ಆಗಿಹೋಯಿತು, ಕಾರ್ಯದರ್ಶಿ ಅಣ್ಣ ಗಡಿಯಾರ ತೋರಿಸ್ತಾ ಇದ್ದಾರೆ.

ಬರೋ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಂಘದ ಓದೋ ಕೋಣೆಯಲ್ಲಿ ನಾವು ನಾಲ್ಕು ಜನ ಕೂತಿರ್ತೀವಿ. ಮಕ್ಕಳ ಆಧಾರು, ಎಲ್ಲ ಪಾಸ್‌ಬುಕ್ಕು (ಮರೆತುಹೋದದ್ದೂ ಸೇರಿ), ರೇಷನ್ ಕಾರ್ಡು, ಸಾನ್ರಿದಳ್‌ಗಳು, ಸಂಬಳದ ಸ್ಲಿಪ್ಪಿದ್ದರೆ ಸ್ಲಿಪ್ಪು, ಬಾಂಡಿದ್ದರೆ ಬಾಂಡು ತನ್ನಿ. ಓಟಿಪಿ ಬರೋ ಫೋನನ್ನ ಮನೆಯಲ್ಲಿ ಬಿಟ್ಟು ಬರಬೇಡಿ. ಆ ಓಟಿಪಿಯನ್ನ ನಮಗೂ ಹೇಳಬೇಡಿ, ನೀವೇ ಒತ್ತಿ. ನಾವು ಚಾರ್ಜ್ ತಗೊಳ್ಳಲ್ಲ, ಇ-ಸೇವೈ ಫೀಸು ಮಾತ್ರ ನಿಮ್ಮದು. ಕೆಲಸದ ಸರ್ಟಿಫಿಕೇಟು ಬೇಕಾದವರು ಯಾರೂ ಕೋಣೆಯಲ್ಲಿ ಎಲ್ಲರ ಮುಂದೆ ಹೇಳಬೇಕಿಲ್ಲ. ಹಿಂದಿನ ಬಾಗಿಲಲ್ಲಿ ನಮ್ಮಪ್ಪ ಕೂತಿರ್ತಾರೆ, ಆಫೀಸಿನ ದಾರಿ ಅವರಿಗೆ ಗೊತ್ತು. ಬರ್ತೀನಿ ಅಂತ ನಿನ್ನೆ ರಾತ್ರಿ ಅವರೇ ಹೇಳಿದರು.